ಕಚೇರಿಯಲ್ಲಿ ಹೊಸ ಯೋಚನೆ ಹುಟ್ಟುವ ಬಗೆ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನವೆಂಬರ್ ತಿಂಗಳು ಕನ್ನಡಿಗರಾದ ನಮಗೆ ರಾಜ್ಯೋತ್ಸವದ ತಿಂಗಳು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಅದು ಪಿಂಚಣಿದಾರರ ತಿಂಗಳೂ ಹೌದು. ತಾವು ಬದುಕಿದ್ದೇವೆ ಎಂಬುದಕ್ಕೆ ಪ್ರಮಾಣಪತ್ರ ಕೊಡಲು ವೃದ್ಧರು ತಿಂಗಳ ಮೊದಲ ದಿನಗಳಲ್ಲೇ ಬಂದು ಸಾಲುಗಟ್ಟುತ್ತಾರೆ. ಬ್ಯಾಂಕಿನ ಬಾಗಿಲು ತೆರೆಯುವುದು ಹತ್ತಕ್ಕೆ. ಸಾಲು ಹುಟ್ಟುವುದು ಎಂಟೂವರೆಗೆ. ಒಬ್ಬರಿಗೆ ಮಂಡಿನೋವು, ಮತ್ತೊಬ್ಬರಿಗೆ ಸಕ್ಕರೆ ಕಾಯಿಲೆ. ಗಾಜಿನ ಒಳಗೆ ಕುಳಿತ ನಾವು ‘ಇನ್ನೊಬ್ಬ ಗುಮಾಸ್ತನಿದ್ದಿದ್ದರೆ’ ಎಂದು ವರ್ಷ ವರ್ಷವೂ ನಿಟ್ಟುಸಿರು ಬಿಡುತ್ತೇವೆ. ಆ ಇನ್ನೊಬ್ಬ ಗುಮಾಸ್ತ ಬರುವುದಿಲ್ಲ. ಹಾಗಾದರೆ ಇರುವ ಕೈಗಳಿಂದಲೇ, ಇರುವ ಮೇಜುಗಳಿಂದಲೇ ದಾರಿ ಕಂಡುಕೊಳ್ಳುವುದು ಹೇಗೆ? ಇದೇ ಇಂದಿನ ನಮ್ಮ ವಿಷಯ.

ಹೊಸ ಯೋಚನೆ ಎಂದರೆ ಕವಿಗಳಿಗೂ ವಿಜ್ಞಾನಿಗಳಿಗೂ ಮೀಸಲಾದ ದೈವದತ್ತ ವರ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಲೆಡ್ಜರು, ವೋಚರು, ಗಣಕಯಂತ್ರದ ಪರದೆ ಇವುಗಳ ನಡುವೆ ಅದಕ್ಕೇನು ಕೆಲಸ ಎನ್ನುತ್ತೇವೆ. ಅಜ್ಜ ನೆಟ್ಟ ಆಲದ ಮರಕ್ಕೆ ಜೋತುಬೀಳುವ ಅಭ್ಯಾಸ ಕಚೇರಿಗಳಲ್ಲಿ ಇರುವಷ್ಟು ಬೇರೆಲ್ಲೂ ಇರಲಾರದು. ಆದರೆ ಯೋಚನೆಗೂ ಒಂದು ಕ್ರಮವುಂಟು. ಆ ಕ್ರಮವನ್ನು ಕಲಿಯಬಹುದು ಎಂದು ತೋರಿಸಿಕೊಟ್ಟವರಿದ್ದಾರೆ.

ಅಮೆರಿಕದ ಜಾಹೀರಾತು ಉದ್ಯಮದಲ್ಲಿದ್ದ ಅಲೆಕ್ಸ್ ಆಸ್ಬರ್ನ್ ಎಂಬವರು 1953ರಲ್ಲಿ ‘ಅಪ್ಲೈಡ್ ಇಮ್ಯಾಜಿನೇಷನ್’ ಎಂಬ ಪುಸ್ತಕ ಬರೆದರು. ಇಂದು ಎಲ್ಲರ ಬಾಯಲ್ಲಿರುವ ಬ್ರೇನ್‌ಸ್ಟಾರ್ಮಿಂಗ್ ಎಂಬ ಪದ್ಧತಿಯನ್ನು ಬಳಕೆಗೆ ತಂದವರು ಅವರೇ. ಅದಕ್ಕೆ ನಾಲ್ಕು ನಿಯಮಗಳು. ಯಾರ ಮಾತನ್ನೂ ಆ ಹೊತ್ತಿಗೆ ಟೀಕಿಸಬಾರದು. ವಿಚಿತ್ರವೆನಿಸಿದ ಯೋಚನೆಗೂ ಸ್ವಾಗತವಿರಬೇಕು. ಎಷ್ಟು ಹೆಚ್ಚು ಯೋಚನೆ ಬಂದರೆ ಅಷ್ಟು ಒಳ್ಳೆಯದು. ಒಬ್ಬರ ಯೋಚನೆಗೆ ಇನ್ನೊಬ್ಬರು ಸೇರಿಸಿ ಬೆಳೆಸಬಹುದು. ಇವುಗಳಲ್ಲಿ ಮೊದಲನೆಯದೇ ಮುಖ್ಯ. ಕೂಸು ಕಣ್ಣು ಬಿಡುವ ಮೊದಲೇ ಅದರ ಜಾತಕದಲ್ಲಿ ದೋಷ ಹುಡುಕಬಾರದು. ತೂಗಿ ನೋಡುವ ಸಮಯ ಬೇರೆ, ಹುಟ್ಟಿಸುವ ಸಮಯ ಬೇರೆ.

ಆದರೆ ಇದರಲ್ಲಿ ಒಂದು ತೊಡಕುಂಟು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರ್ರಿ ಮತ್ತು ಬ್ಲಾಕ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ವರು ಒಟ್ಟಿಗೆ ಕುಳಿತು ಯೋಚಿಸಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕುಳಿತು ಯೋಚಿಸಿ ಆಮೇಲೆ ಒಟ್ಟುಗೂಡಿಸಿದಾಗಲೇ ಹೆಚ್ಚು ಯೋಚನೆಗಳು ಬಂದುವು. ಇದರ ಕಾರಣ ತಿಳಿಯಲು ನಮಗೆ ವಿಶ್ವವಿದ್ಯಾಲಯ ಬೇಕಿಲ್ಲ. ಸಭೆಯಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಮೇಲಾಗಿ, ಮ್ಯಾನೇಜರು ಬಾಯಿ ತೆರೆದ ಮೇಲೆ ಗುಮಾಸ್ತನ ಬಾಯಿ ತಾನಾಗಿ ಮುಚ್ಚುತ್ತದೆ!

ಈ ತೊಡಕಿಗೆ ಜರ್ಮನಿಯ ಬೆರ್ಂಡ್ ರೋರ್‌ಬಾಖ್ ಎಂಬವರು 1968ರಲ್ಲಿ ಒಂದು ಸುಲಭೋಪಾಯ ಹೇಳಿದರು. ಆರು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವುದು. ಪ್ರತಿಯೊಬ್ಬನೂ ಐದು ನಿಮಿಷದಲ್ಲಿ ಮೂರು ಯೋಚನೆಗಳನ್ನು ಮಾತಿಲ್ಲದೆ ಕಾಗದದ ಮೇಲೆ ಬರೆಯುವುದು. ಬಳಿಕ ಕಾಗದವನ್ನು ಪಕ್ಕದವನಿಗೆ ದಾಟಿಸುವುದು. ಅವನು ಅದನ್ನು ಓದಿ, ಅದರ ಕೆಳಗೆ ತನ್ನ ಮೂರನ್ನು ಸೇರಿಸುವುದು. ಆರು ಸುತ್ತು ಮುಗಿಯುವಾಗ ಅರ್ಧ ಗಂಟೆ. ಕಾಗದಗಳ ಮೇಲೆ ನೂರೆಂಟು ಯೋಚನೆಗಳು. ನೂರೆಂಟು ಎಂದರೆ ನಮ್ಮವರಿಗೆ ಶುಭಸಂಖ್ಯೆಯಲ್ಲವೆ?

ಕಳೆದ ವರ್ಷ ನಮ್ಮ ಶಾಖೆಯಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಆರು ಜನರಲ್ಲಿ ದಫ್ತರಿಯನ್ನೂ ಬಾಗಿಲ ಕಾವಲುಗಾರನನ್ನೂ ಸೇರಿಸಿಕೊಂಡೆವು. ಬರೆಯುವ ಮೊದಲು ಜಪಾನಿನ ಟೊಯೊಟಾ ಕಾರ್ಖಾನೆಯವರು ರೂಢಿಸಿದ ‘ಐದು ಬಾರಿ ಏಕೆ’ ಎಂಬ ಕ್ರಮವನ್ನು ಅನುಸರಿಸಿದೆವು. ಸಾಲು ಏಕೆ ಉದ್ದ? ಎಲ್ಲರೂ ಮೊದಲ ವಾರದಲ್ಲೇ ಬರುತ್ತಾರೆ. ಏಕೆ ಬರುತ್ತಾರೆ? ತಡವಾದರೆ ಪಿಂಚಣಿ ನಿಂತೀತೆಂಬ ಭಯ. ಭಯವೇಕೆ? ತಿಂಗಳಿಡೀ ಅವಕಾಶವಿದೆ, ಬೇರೆ ದಾರಿಗಳೂ ಇವೆ ಎಂಬುದು ತಿಳಿದಿಲ್ಲ. ಏಕೆ ತಿಳಿದಿಲ್ಲ? ಸೂಚನೆಯನ್ನು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಬಾಗಿಲಿಗೆ ಅಂಟಿಸಿರುತ್ತೇವೆ. ಬಾಗಿಲಿಗೇ ಏಕೆ? ಹಿಂದಿನಿಂದಲೂ ಅಲ್ಲಿಯೇ ಅಂಟಿಸುತ್ತ ಬಂದಿದ್ದೇವೆ! ಅದನ್ನು ಓದಬೇಕಾದರೆ ಮುದುಕರು ಮೊದಲು ಬಾಗಿಲಿಗೆ ಬರಬೇಕು. ನೋಡಿ, ಗುಮಾಸ್ತರ ಕೊರತೆಯೆಂದು ನಾವು ಎಣಿಸಿದ್ದು ಬಹುಮಟ್ಟಿಗೆ ಸುದ್ದಿಯ ಕೊರತೆಯಾಗಿತ್ತು.

ಕೇಂದ್ರ ಸರಕಾರದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು. 2014ರ ನವೆಂಬರಿನಿಂದ ‘ಜೀವನ್ ಪ್ರಮಾಣ್’ ಎಂಬ ವಿದ್ಯುನ್ಮಾನ ವ್ಯವಸ್ಥೆಯಿದೆ. ಬೆರಳ ಗೆರೆ ಸವೆದವರನ್ನು ಯಂತ್ರ ಗುರುತಿಸದೆ ಹೋಗುವ ಕಷ್ಟವಿತ್ತು. 2021ರ ನವೆಂಬರಿನಿಂದ ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡುವ ಸೌಕರ್ಯವೂ ಬಂದಿದೆ. ಇವೆಲ್ಲ ನಮಗೆ ಗೊತ್ತಿತ್ತು, ಗೊತ್ತಾಗಬೇಕಾದವರಿಗೆ ಗೊತ್ತಿರಲಿಲ್ಲ.

ಆ ಅರ್ಧ ಗಂಟೆಯ ಕಾಗದಗಳಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದವು ಎಂಬುದು ನಿಜ. ಆದರೆ ದಫ್ತರಿ ಬರೆದಿದ್ದ: ‘ಸೆಪ್ಟೆಂಬರಿನಲ್ಲಿ ಪಾಸ್‌ಬುಕ್ ತುಂಬಿಸಲು ಬರುತ್ತಾರಲ್ಲ, ಆಗಲೇ ಚೀಟಿ ಕೊಡಿ.’ ಕಾವಲುಗಾರ ಬರೆದಿದ್ದ: ‘ಅರ್ಧ ಜನ ಸಾಲು ಯಾವುದಕ್ಕೆಂದು ತಿಳಿಯದೆ ನಿಲ್ಲುತ್ತಾರೆ, ನನ್ನ ಬಳಿ ಚೀಟಿಯ ನಂಬರು ಕೊಡಿ, ಕುರ್ಚಿ ಹಾಕಿಸುತ್ತೇನೆ.’ ಎರಡನ್ನೂ ಮಾಡಿದೆವು. ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಮೂರು ಭಾಷೆಗಳಲ್ಲಿ ಬರೆಯಿಸಿದೆವು. ಸಾಲು ಮಾಯವಾಯಿತೆಂದು ಹೇಳಲಾರೆವು. ಆದರೆ ವೃದ್ಧರು ನಿಂತು ಕಾಯುವುದು ತಪ್ಪಿ, ಕುಳಿತು ಕಾಯುವಂತಾಯಿತು. ಅಷ್ಟಾದರೂ ಸಣ್ಣದಲ್ಲ. ಈ ಎರಡು ಮಾತು ತಿಳಿದವರು ವರ್ಷಗಟ್ಟಲೆ ನಮ್ಮ ಬಾಗಿಲಲ್ಲೇ ಇದ್ದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಅವರ ಪಾಲಿಗೆ ನಿಜವಾಗಿತ್ತು.

ಇನ್ನೊಂದು ಉಪಾಯವೆಂದರೆ ಪ್ರಶ್ನೆಯನ್ನು ತಲೆಕೆಳಗು ಮಾಡುವುದು. ಇದಕ್ಕೆ ನಮ್ಮ ನಾಡಿನದೇ ಉಜ್ವಲ ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ ಮತ್ತು ಅವರ ಸಂಗಡಿಗರು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು; 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡವರು ಬ್ಯಾಂಕಿಗೆ ಬರುವಂತೆ ಮಾಡುವುದು ಹೇಗೆಂದು ಕೇಳುವ ಬದಲು, ಬ್ಯಾಂಕೇ ಬಡವರ ಬಳಿಗೆ ಹೋದರೆ ಹೇಗೆ ಎಂದು ಅವರು ಕೇಳಿಕೊಂಡರು. 1928ರಲ್ಲಿ ಪಿಗ್ಮಿ ಠೇವಣಿ ಹುಟ್ಟಿತು. ಏಜೆಂಟನು ದಿನವೂ ಮನೆ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ತರುತ್ತಿದ್ದನು. ಹನಿಗೂಡಿದರೆ ಹಳ್ಳವೆಂಬುದು ಎಲ್ಲರಿಗೂ ಗೊತ್ತು. ಹನಿಯಿರುವಲ್ಲಿಗೆ ಕೊಡ ಒಯ್ದದ್ದು ಅವರ ಹೆಚ್ಚುಗಾರಿಕೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೊಸತನದ ಉತ್ಸಾಹದಲ್ಲಿ ಹಣದ ವ್ಯವಹಾರದ ಕಟ್ಟುಪಾಡುಗಳನ್ನು ಸಡಿಲಿಸಬಾರದು. ಒಬ್ಬ ನಮೂದಿಸಿದ್ದನ್ನು ಇನ್ನೊಬ್ಬ ಪರಿಶೀಲಿಸಬೇಕೆಂಬುದು ನಿಯಮ. ಅದು ಜನರ ಹಣಕ್ಕೆ ಹಾಕಿದ ಬೇಲಿ. ಸೂಚನೆಯನ್ನು ಬಾಗಿಲಿಗೇ ಅಂಟಿಸಬೇಕೆಂಬುದು ಬರಿಯ ರೂಢಿ. ‘ಇದು ನಿಯಮವೇ, ರೂಢಿಯೇ?’ ಎಂದು ಮೊದಲು ಕೇಳಿಕೊಳ್ಳೋಣ. ನಿಯಮವಾದರೆ ಮೇಲಿನವರಿಗೆ ಬರೆದು ತಿಳಿಸೋಣ. ರೂಢಿಯಾದರೆ ನಾಳೆಯೇ ಬದಲಿಸೋಣ.

ಯೋಚನೆ ಯಾರದೋ ಅವರ ಹೆಸರಿನಲ್ಲೇ ಅದು ದಾಖಲಾಗಬೇಕು. ಕೆಳಗಿನವನು ಹೇಳಿದ್ದನ್ನು ಮೇಲಿನವನು ತನ್ನದೆಂದು ಸಭೆಯಲ್ಲಿ ಹೇಳಿಕೊಂಡರೆ, ಆ ಕೆಳಗಿನವನು ಮತ್ತೆ ಬಾಯಿ ಬಿಡುವುದಿಲ್ಲ. ನಷ್ಟ ಕಚೇರಿಗೆ. ಒಂದು ನೂರು ಪುಟದ ನೋಟುಬುಕ್ಕು ಸಾಕು: ಯಾರ ಯೋಚನೆ, ಎಂದು ಪ್ರಯೋಗ, ಏನು ಫಲ. ಜಮಾ-ಖರ್ಚು ಬರೆಯಬಲ್ಲ ನಮಗೆ ಇದೇನು ಹೊಸದಲ್ಲ.

ಕೊನೆಯದಾಗಿ ಒಂದು ಮಾತು. ಹೊರನಾಡಿನಲ್ಲಿರುವ ನಾವು ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಊರ ಭಾಷೆ, ಮನೆಯಲ್ಲಿ ಕನ್ನಡ ಆಡುವವರು. ಪರಭಾಷೆಯಲ್ಲಿ ವ್ಯಾಕರಣ ತಪ್ಪೀತೆಂಬ ಅಂಜಿಕೆಯಿಂದ ಎಷ್ಟು ಒಳ್ಳೆಯ ಯೋಚನೆಗಳು ಗಂಟಲಲ್ಲೇ ಉಳಿದಿವೆಯೋ! ಆದುದರಿಂದ ಮುಂದಿನ ಸಾರಿ ನಿಮ್ಮ ಕಚೇರಿಯಲ್ಲಿ ಕಾಗದ ಹಂಚಿದಾಗ, ಪ್ರತಿಯೊಬ್ಬನೂ ತನ್ನ ತಾಯಿನುಡಿಯಲ್ಲಿ ಬರೆಯಲಿ ಎಂದು ಹೇಳಿ ನೋಡಿ. ಓದಿ ಹೇಳುವವರು ಸಿಕ್ಕೇ ಸಿಗುತ್ತಾರೆ. ಕನ್ನಡದಲ್ಲಿ ಮಗ್ಗಿ ಕಲಿತವರು ಕನ್ನಡದಲ್ಲಿ ಯೋಚಿಸಲು ನಾಚಬೇಕಾಗಿಲ್ಲ. ಇನ್ನೊಬ್ಬರು ಅವರವರ ನುಡಿಯಲ್ಲಿ ಯೋಚಿಸುವುದಕ್ಕೆ ನಾವು ಎಡೆಗೊಡದೆ ಇರಲೂಬಾರದು.