ಕೈಯಲ್ಲಿರುವ ಯಂತ್ರ, ಕೈಗೆ ಬಾರದ ವಿದ್ಯೆ
(ಸಂಘದ ವಾರ್ಷಿಕೋತ್ಸವದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಜ್ಞಾನವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಶಾಲೆಯ ಉಪಾಧ್ಯಾಯನಿಗೆ ವಿಶ್ವವಿದ್ಯಾಲಯದ ಗೊಡವೆ ಏಕೆಂದು ತಾವು ಕೇಳಬಹುದು. ನಡೆದ ಒಂದು ಸಂಗತಿಯೇ ಅದಕ್ಕೆ ಉತ್ತರ.

ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೊಯಮತ್ತೂರಿನ ಕಾಲೇಜಿನಿಂದ ನನ್ನನ್ನು ನೋಡಲು ಬಂದನು. ಮಗ್ಗದ ಮನೆಯ ಹುಡುಗ. ಇಲ್ಲಿದ್ದಾಗ ತರಗತಿಗೆ ಮೊದಲಿಗ. ವಿದ್ಯಾರ್ಥಿವೇತನಕ್ಕೆ ಎಲ್ಲ ಬಗೆಯಿಂದಲೂ ಅರ್ಹನಾಗಿದ್ದನು. ಆದರೆ ಅರ್ಜಿಯೊಡನೆ ಸೇರಿಸಬೇಕಾದ ಪ್ರಮಾಣಪತ್ರದ ಫೈಲು ನಿಗದಿಯಾದ ಗಾತ್ರವನ್ನು ಮೀರಿತ್ತು. ಅದನ್ನು ಕಿರಿದು ಮಾಡುವ ಬಗೆ ಅವನಿಗೆ ತಿಳಿಯದು; ಸಹಪಾಠಿಗಳನ್ನು ಕೇಳಲು ನಾಚಿಕೆ. ಅಷ್ಟರಲ್ಲಿ ಗಡುವು ಕಳೆದುಹೋಯಿತು. “ಫೋನು ಚೆನ್ನಾಗಿ ಬರುತ್ತೆ ಸಾರ್, ಇದು ಮಾತ್ರ ಬರಲಿಲ್ಲ” ಎಂದು ತಲೆ ತಗ್ಗಿಸಿದನು. ತಲೆ ತಗ್ಗಿಸಬೇಕಾದವನು ನಾನು. ಅವನ ಬೆರಳುಗಳ ಚುರುಕನ್ನು ಕಂಡು, ಇವನಿಗೆ ಕಲಿಸುವುದೇನೂ ಇಲ್ಲವೆಂದು ಎಣಿಸಿದ್ದವನು ನಾನೇ.

ಇದು ಅವನೊಬ್ಬನ ಕಥೆಯಲ್ಲ. ಕೇಂದ್ರ ಸರ್ಕಾರವು 2022-23ರಲ್ಲಿ ನಡೆಸಿದ ಸಮಗ್ರ ವಾರ್ಷಿಕ ಮಾಡ್ಯುಲರ್ ಸಮೀಕ್ಷೆಯಂತೆ, ದೇಶದ 15ರಿಂದ 24 ವರ್ಷ ವಯಸ್ಸಿನವರಲ್ಲಿ ಫೈಲು ಸೇರಿಸಿ ಸಂದೇಶ ಕಳುಹಿಸಬಲ್ಲವರು ನೂರಕ್ಕೆ 78.4 ಮಂದಿ. ಮಾಹಿತಿ ಹುಡುಕುವುದು, ಇ-ಮೇಲ್ ಕಳುಹಿಸುವುದು, ಬ್ಯಾಂಕಿನ ವ್ಯವಹಾರ—ಈ ಮೂರನ್ನೂ ಮಾಡಬಲ್ಲವರು 26.8 ಮಂದಿ ಮಾತ್ರ. ಯಂತ್ರದ ಬಳಕೆ ಬೇರೆ, ಯಂತ್ರದ ವಿದ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸರ್ಕಾರವು ಸುಮ್ಮನೆ ಕುಳಿತಿಲ್ಲ. ತಮಿಳುನಾಡಿನಲ್ಲಿ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿಕೆ ಆರಂಭವಾಯಿತು. 2022ರಲ್ಲಿ ‘ನಾನ್ ಮುದಲ್ವನ್’ ಯೋಜನೆಯು ಕಾಲೇಜುಗಳಲ್ಲಿ ಕೌಶಲ ಶಿಕ್ಷಣಕ್ಕೆ ದಾರಿ ಮಾಡಿತು. ಆದರೆ ಅಡಿಪಾಯ ಹಾಕುವ ಸ್ಥಳ ಶಾಲೆಯೇ. ಪದವಿ ಪಡೆದು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದವನ ಮುಂದೆ ಮೊದಲ ದಿನವೇ ಲೆಕ್ಕದ ಕೋಷ್ಟಕವನ್ನೂ ಹೊರದೇಶದ ಗಿರಾಕಿಯ ಪತ್ರವನ್ನೂ ಇಡುತ್ತಾರೆ. ಅಲ್ಲಿ ವಿಡಿಯೋ ನೋಡಿದ ಅನುಭವವು ನೆರವಿಗೆ ಬಾರದು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕುಂಟು. ಅವರು ಓದಿದುದು ಕನ್ನಡದಲ್ಲಿ. ಕಾಲೇಜಿನಲ್ಲಿ ಎದುರಾಗುವ ಸೂಚನೆಗಳು ತಮಿಳು, ಇಂಗ್ಲಿಷಿನಲ್ಲಿ. ವಿಷಯವನ್ನು ಒಮ್ಮೆ ತಾಯಿನುಡಿಯಲ್ಲಿ ತಿಳಿದುಕೊಂಡವನು ಯಾವ ಭಾಷೆಯ ಸೂಚನೆಗೂ ಅಂಜಲಾರನು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆಯಿತು, ಕೆ. ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿಕೊಟ್ಟರು. ಆದರೂ ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿರುವುದು ವ್ಯಸನದ ಸಂಗತಿ.

ಆದುದರಿಂದ ಸಂಘದಲ್ಲಿ ನನ್ನದೊಂದು ಅರಿಕೆ. ಶಾಲೆಯ ಕಂಪ್ಯೂಟರ್ ಕೊಠಡಿಯು ವಾರಕ್ಕೆ ಎರಡು ಸಂಜೆ ತೆರೆದಿರಲಿ. ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳೂ ಅಲ್ಲಿಗೆ ಬರಲಿ. ಅರ್ಜಿ ತುಂಬುವುದು, ಪತ್ರ ಬರೆಯುವುದು, ಲೆಕ್ಕ ಹಾಕುವುದು, ಬಂದ ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು, ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳದಿರುವುದು—ಇವಿಷ್ಟನ್ನು ಕಲಿಸೋಣ. ಕಲಿಸುವವರೊಡನೆ ಕಲಿಯಲು ನಾನೂ ಕುಳಿತುಕೊಳ್ಳುವೆನು.

ಆ ಹುಡುಗನು ಈ ವರ್ಷ ತಾನೇ ಅರ್ಜಿಯನ್ನು ಸಲ್ಲಿಸಿದ್ದಾನೆ. ಮುಂದಿನವರು ಒಂದು ವರ್ಷ ಕಳೆದುಕೊಂಡು ಕಲಿಯುವಂತಾಗದಿರಲಿ ಎಂದು ಹಾರೈಸುತ್ತೇನೆ.