ಹಿಮ ನೂಕುವ ಅಲಗು
(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಾಯಂಕಾಲ ಮಾಡಿದ ಭಾಷಣ)



ಅಮೇರಿಕೆಯಲ್ಲಿ ಒಂದು ಚಳಿಗಾಲ ಕಳೆದು ಬಂದಿದ್ದೀರಿ, ಏನಾದರೂ ಹೇಳಲೇಬೇಕು ಎಂದು ನಮ್ಮ ಕಾರ್ಯದರ್ಶಿಗಳು ಗಂಟುಬಿದ್ದರು. ನಯಾಗರಾ ಜಲಪಾತದ ಮಾತನ್ನು ಅವರು ನಿರೀಕ್ಷಿಸಿದ್ದಿರಬೇಕು. ಅದನ್ನೂ ನೋಡಿದೆವು. ಆದರೆ ಅದನ್ನು ನೋಡಿ ಬಂದು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. 31 ವರ್ಷ ಪುಣೆಯ ಕಾರಖಾನೆಯೊಂದರಲ್ಲಿ ಪಾನಾ ಹಿಡಿದ ಕೈ ನಮ್ಮದು. ಆದುದರಿಂದ ಅಲ್ಲಿ ನಮ್ಮ ಪಾಲಿಗೆ ಬಂದ ಒಂದು ಕೆಲಸದ ಸಂಗತಿಯನ್ನೇ ಹೇಳುತ್ತೇವೆ. ಅದರಲ್ಲಿ ನಾವು ತಪ್ಪಿದ್ದನ್ನೂ ಹೇಳುತ್ತೇವೆ.

ಮಗಳು, ಅಳಿಯಂದಿರು ಇರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ತುದಿಯಲ್ಲಿ, ಬಫೆಲೋ ನಗರದ ದಕ್ಷಿಣಕ್ಕಿರುವ ಹಳ್ಳಿಯೊಂದರಲ್ಲಿ. ಹತ್ತಿರದಲ್ಲಿಯೇ ಈರೀ ಎಂಬ ಮಹಾಸರೋವರವಿದೆ. ಚಳಿಗಾಲದ ಮೊದಲಲ್ಲಿ ಅದರ ನೀರು ಇನ್ನೂ ಆರಿರುವುದಿಲ್ಲ. ಕೊರೆಯುವ ಗಾಳಿಯು ಅದರ ಮೇಲೆ ಹಾದು ಬರುವಾಗ ನೀರಿನ ಆವಿಯನ್ನು ಹೊತ್ತುಕೊಂಡು ಬಂದು ದಡದ ಊರುಗಳ ಮೇಲೆ ಹಿಮವಾಗಿ ಸುರಿಸುತ್ತದೆ. 2022ರ ನವೆಂಬರದಲ್ಲಿ ಆ ಸೀಮೆಯ ಕೆಲವು ಊರುಗಳಲ್ಲಿ ನಾಲ್ಕಾರು ದಿನಗಳೊಳಗೆ ಆರು ಅಡಿಗೂ ಮಿಕ್ಕಿ ಹಿಮ ಬಿತ್ತು. ಮರು ತಿಂಗಳ ಹಿಮಗಾಳಿಯಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ನಾವು ಅಲ್ಲಿಗೆ ಹೋದದ್ದು 2023ರ ಅಕ್ಟೋಬರದಲ್ಲಿ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ 7ರ ಪಾಳಿಗೆ ಐದೂವರೆಗೆ ಮನೆ ಬಿಡಬೇಕು. ಪಾಳಿಯ ಕಷ್ಟ ತಮಗೆ ಹೊಸದಲ್ಲ; ಇವಳು ಹೋಗಿ ನಿಲ್ಲುವ ತನಕ ರಾತ್ರಿಯ ನರ್ಸು ರೋಗಿಗಳನ್ನು ಬಿಟ್ಟು ಹೊರಡುವಂತಿಲ್ಲ. ಅಳಿಯಂದಿರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಕೂಡಿಸಿದ್ದಾರೆ. ಹಿಮ ತೋಡಲು ಸಲಿಕೆ ಮುಟ್ಟಕೂಡದೆಂದು ವೈದ್ಯರ ಕಟ್ಟಪ್ಪಣೆ. ಮನೆಯ ಬಾಗಿಲಿನಿಂದ ರಸ್ತೆಯವರೆಗಿನ ಕಾರಿನ ದಾರಿಯಾದರೋ 32 ಮೀಟರ್ ಉದ್ದ, 3 ಮೀಟರ್ ಅಗಲ. ಅದರ ಮೇಲೆ ಒಂದು ಅಡಿ ಹಿಮ ಬಿದ್ದರೆ 29 ಘನ ಮೀಟರ್ ಆಯಿತು. ಹಗುರಾದ ಹೊಸ ಹಿಮ, ಘನ ಮೀಟರಿಗೆ 100 ಕಿಲೋ ಎಂದು ಹಿಡಿದರೂ ಮೂರು ಟನ್ನಿಗೆ ಹತ್ತಿರ. ಒದ್ದೆ ಹಿಮವಾದರೆ ಅದರ ಎರಡರಷ್ಟು, ಮೂರರಷ್ಟು. ಹಿಂದಿನ ವರ್ಷ ಮಗಳು ಒಬ್ಬಳೇ ಇದನ್ನು ಸಲಿಕೆಯಿಂದ ಎತ್ತಿ ಹಾಕಿ ಅನಂತರ ಪಾಳಿಗೆ ಹೋಗುತ್ತಿದ್ದಳಂತೆ. ನಮಗೆ ಫೋನಿನಲ್ಲಿ ಹೇಳಿರಲಿಲ್ಲ.

ಅಳಿಯಂದಿರು ಹಳೆಯದೊಂದು ತೋಟದ ಟ್ರ್ಯಾಕ್ಟರನ್ನೂ ಅದಕ್ಕೆ ಹೊಂದುವ ನಾಲ್ಕು ಅಡಿಯ ಅಲಗನ್ನೂ ಕೊಂಡು ತಂದಿದ್ದರು. ನಮ್ಮ ಹೊಲದ ಟ್ರ್ಯಾಕ್ಟರಲ್ಲ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಚಿಕ್ಕ ಬಂಡಿ, ಮುನ್ನೂರು ಕಿಲೋದ ಸುಮಾರು ತೂಕ. ಮೊದಲು ಕೀಲಿ ಕೈ ತೆಗೆದಿಟ್ಟು, ಹೊಟ್ಟೆಯ ಕೆಳಗಿನ ಹುಲ್ಲು ಕತ್ತರಿಸುವ ಭಾಗವನ್ನು ಪಟ್ಟಾ ಸಹಿತ ಇಳಿಸಿದೆವು. ಅಲ್ಲಿಗೆ ಅಲಗಿನ ಚೌಕಟ್ಟನ್ನು ತೂರಿಸಿ, ಹಿಂದೆ ಪಿನ್ನು, ಮುಂದೆ ಕೊಂಡಿ ಹಾಕಿ, ಎತ್ತುವ ಸಲಾಕೆಯನ್ನು ಹಿಡಿಕೆಗೆ ಜೋಡಿಸಿದೆವು. ಒಂದು ಮಧ್ಯಾಹ್ನದ ಕೆಲಸ. ಅಲಗನ್ನು ಓರೆ ಮಾಡಿದಾಗ ನಾಲ್ಕು ಅಡಿ ಮೂರೂವರೆಯಾಗುತ್ತದೆ. ಅಷ್ಟಾದರೂ ಚಕ್ರಗಳ ಅಗಲಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಚಕ್ರಗಳು ಹಿಮ ತುಳಿಯುತ್ತವೆ. ಊರಲ್ಲಿ ಕುಂಟೆ ಹೊಡೆಯುವಾಗ ಅಲಗು ನೆಲಕ್ಕಿಳಿಯಲೆಂದು ಕುಂಟೆಯ ಮೇಲೆಯೇ ಕಲ್ಲು ಹೇರುವುದನ್ನು ತಾವು ನೋಡಿರಬಹುದು. ಇಲ್ಲಿ ಹಾಗಲ್ಲ. ಭಾರ ಬೇಕಾದುದು ಹಿಂದಿನ ಚಕ್ರಗಳಿಗೆ. ಅವಕ್ಕೆ ಸರಪಳಿ ಸುತ್ತಿ, ಹಿಂದುಗಡೆ ಮರಳಿನ ಚೀಲ ಕಟ್ಟಿದೆವು.

ಇಷ್ಟೆಲ್ಲ ಸರಿಯಾಯಿತು. ತಪ್ಪಾದದ್ದು ನಮಗೆ ಚೆನ್ನಾಗಿ ಬರುತ್ತದೆಂದು ತಿಳಿದ ಕಡೆಯಲ್ಲಿ.

ಆ ದಾರಿ ಒಂದೇ ಬಗೆಯದಲ್ಲ. ಮನೆಯ ಕಡೆಯ 12 ಮೀಟರ್ ಡಾಂಬರು, ಮಿಕ್ಕ 20 ಮೀಟರ್ ಖಡಿ. ಅಲಗಿನ ಎರಡು ತುದಿಗೂ ತಟ್ಟೆಯಂಥ ಎರಡು ಪಾದಗಳಿವೆ. ಪಾದ ಮೇಲಿದ್ದರೆ ಅಲಗು ನೆಲವನ್ನು ಕೆರೆಯುತ್ತದೆ; ಡಾಂಬರಿಗೆ ಅದು ಸರಿ. ಪಾದ ಕೆಳಗಿದ್ದರೆ ಅಲಗು ನೆಲ ಬಿಟ್ಟು ತೇಲುತ್ತದೆ; ಖಡಿಗೆ ಹಾಗೆಯೇ ಬೇಕು. ನಾವು ಡಾಂಬರಿನ ಮೇಲೆ ನಿಂತು ಜೋಡಿಸಿದವರು, ಡಾಂಬರಿಗೇ ಹೊಂದಿಸಿದೆವು. ಇನ್ನು ಅಲಗಿನ ಬೆನ್ನಿಗೆ ಎರಡು ದಪ್ಪ ಸ್ಪ್ರಿಂಗುಗಳು. ಕಲ್ಲೋ ಬೇರೋ ತಗಲಿದರೆ ಅಲಗು ಮುಂದಕ್ಕೆ ಮಡಚಿ ದಾಟಿಕೊಳ್ಳಲೆಂದು ಅವನ್ನು ಇಟ್ಟಿದ್ದಾರೆ. ಕೈಯಿಂದ ಅಲುಗಿಸಿದರೆ ಅಲಗು ಕೊಂಚ ಆಡುತ್ತಿತ್ತು. ಆಡುವುದೆಂದರೆ ಫಿಟರನಿಗೆ ಅವಮಾನ. ನಟ್ಟು ತಿರುಗಿದಷ್ಟು ತಿರುಗಿಸಿ ಬಿಗಿದೆವು. ಪುಸ್ತಿಕೆಯಲ್ಲಿ ಹಾಗಿಲ್ಲವಲ್ಲ ಎಂದು ಅಳಿಯಂದಿರು ಮೆಲ್ಲಗೆ ಅಂದರು. ನಾವು ಕೇಳಲಿಲ್ಲ.

ನವೆಂಬರದ ಕೊನೆಗೆ ಮೊದಲ ಹಿಮ ಬಿತ್ತು, ಒಂಬತ್ತು ಅಂಗುಲ. ನಾಲ್ಕೂವರೆಗೆ ಎದ್ದು ನಾವೇ ಬಂಡಿ ಏರಿದೆವು. ಡಾಂಬರಿನ ಮೇಲೆ ಅಲಗು ಬೆಣ್ಣೆ ತೆಗೆದಂತೆ ನಡೆಯಿತು. ಹಿಗ್ಗಿನಲ್ಲಿ ಖಡಿಗೆ ಇಳಿದೆವು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಅಲಗು ಹಿಮದ ಜೊತೆಗೆ ಖಡಿಯನ್ನೂ ಬಾಚಿಕೊಂಡು ಕೆಳಗಿಳಿದು, ಹೂತಿದ್ದ ಒಂದು ದೊಡ್ಡ ಕಲ್ಲಿಗೆ ಹೋಗಿ ಬಡಿಯಿತು. ಮಡಚಬೇಕಾದ ಸ್ಪ್ರಿಂಗು ಮಡಚಲಿಲ್ಲ. ಎದೆ ಸ್ಟಿಯರಿಂಗಿಗೆ ತಾಗಿತು, ಕೊಂಡಿಯ ಬೋಲ್ಟು ಮುರಿಯಿತು, ಪಟ್ಟಿ ಬಾಗಿತು. ಬಂಡಿ ದಾರಿಯ ನಡುವೆ ಅಡ್ಡ ನಿಂತಿತು. ಅದರ ಹಿಂದೆ ಮಗಳ ಕಾರು, ದೀಪ ಹಚ್ಚಿಕೊಂಡು.

ನೆರೆಮನೆಯವರು ತಮ್ಮ ಟ್ರಕ್ಕಿನೊಂದಿಗೆ ಬಂದು ಬಂಡಿಯನ್ನು ಎಳೆದು, ದಾರಿ ಬಿಡಿಸಿ ಕೊಟ್ಟರು. ಮಗಳು ಐವತ್ತು ನಿಮಿಷ ತಡವಾಗಿ ತಲುಪಿದಳು. ಹನ್ನೆರಡು ತಾಸು ದುಡಿದಿದ್ದ ಆ ರಾತ್ರಿಯ ನರ್ಸು ಅಷ್ಟು ಹೊತ್ತೂ ನಿಂತಿದ್ದಳು. ಮಗಳು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಮೇಲಾಗಿತ್ತು.

ಅಂದು ಪಟ್ಟಿ ನೆಟ್ಟಗೆ ಮಾಡಿ, ಹೊಸ ಬೋಲ್ಟು ಹಾಕಿ, ಪುಸ್ತಿಕೆಯನ್ನು ಅಳಿಯಂದಿರಿಂದ ಓದಿಸಿ ಕೇಳಿದೆವು. ಮುಕ್ಕಾಲು ಅಂಗುಲದ ಹಲಗೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಅಲಗನ್ನು ಇಳಿಸಿ, ಪಾದಗಳು ನೆಲ ಮುಟ್ಟುವಂತೆ ವಾಶರುಗಳನ್ನು ಕೆಳಕ್ಕೆ ಹಾಕಿದೆವು. ಈಗ ಅಲಗು ಖಡಿಯ ಮೇಲೆ ಮುಕ್ಕಾಲು ಅಂಗುಲ ಹಿಮ ಬಿಟ್ಟು ಹೋಗುತ್ತದೆ. ಬಿಟ್ಟ ಹಿಮ ತುಳಿದು ಗಟ್ಟಿಯಾಗಿ ಖಡಿಯನ್ನು ಹಿಡಿದಿಡುತ್ತದೆ. ಮೊದಲ ಹಿಮವನ್ನು ಪೂರ್ತಿ ತೆಗೆಯದಿರುವುದೇ ಅಲ್ಲಿಯವರ ರೂಢಿ. ಡಾಂಬರಿನ ಮೇಲೆಯೂ ತೆಳ್ಳಗೆ ಉಳಿಯುತ್ತದೆ, ಅದಕ್ಕೆ ಉಪ್ಪು ಎರಚಿದರಾಯಿತು. ದಿನಕ್ಕೆರಡು ಸಲ ಕತ್ತಲೆಯಲ್ಲಿ ಪಾದ ಬದಲಿಸುತ್ತ ಕೂಡುವುದು ಆಗದ ಮಾತು. ಜನವರಿಯಲ್ಲಿ ಖಡಿ ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಅಲಗನ್ನು ಸ್ವಲ್ಪ ಇಳಿಸಿದೆವು.

ಸ್ಪ್ರಿಂಗಿಗೆ ಹೀಗೆ ಮಾಡಿದೆವು. ದಾರಿಗಡ್ಡ ಒಂದು ದಿಮ್ಮಿಯನ್ನು ಅಲುಗದಂತೆ ಊರಿ, ಅಲಗನ್ನು ಅದಕ್ಕೆ ಒತ್ತಿ, ಬಂಡಿಯನ್ನು ಇರುವೆಯಂತೆ ಮುಂದಕ್ಕೆ ಬಿಟ್ಟೆವು. ಚಕ್ರ ಜಾರುವ ಮೊದಲು ಅಲಗು ಮಡಚಬೇಕು. ಬರಿಯ ಹಿಮಕ್ಕೆ ಮಡಚಕೂಡದು. ಅರ್ಧರ್ಧ ಸುತ್ತು ಸಡಿಲಿಸುತ್ತ ಆ ಜಾಗ ಸಿಕ್ಕಾಗ ಬೋಲ್ಟಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದೆವು. ಅಲಗು ಈಗಲೂ ಕೊಂಚ ಆಡುತ್ತಿತ್ತು. ಅದನ್ನು ನೋಡಿ ಸುಮ್ಮನಿರಲು ನಮಗೆ ಒಂದು ವಾರ ಹಿಡಿಯಿತು.

ಮತ್ತೆ ಕೆಲವು ಸಂಗತಿಗಳಿವೆ. ದಾರಿಯ ಅಂಚಿಗೆ ಗೂಟಗಳನ್ನು ನೆಲ ಹೆಪ್ಪುಗಟ್ಟುವ ಮೊದಲೇ ನೆಡಬೇಕು. ಮೊದಮೊದಲ ಹಿಮವನ್ನು ಆದಷ್ಟು ದೂರ ನೂಕಬೇಕು, ಏಕೆಂದರೆ ಬದಿಯ ರಾಶಿ ಗಟ್ಟಿಯಾಗಿ ದಾರಿ ಕಿರಿದಾಗುತ್ತ ಬರುತ್ತದೆ. ರಸ್ತೆಯ ಮೇಲೆ ನೂಕಿದರೆ ಕಾನೂನಿಗೆ ವಿರುದ್ಧ. ಆದರೆ ಸರಕಾರದ ಹಿಮದ ಬಂಡಿ ಮಾತ್ರ ರಸ್ತೆಯ ಹಿಮವನ್ನೆಲ್ಲ ತಂದು ನಮ್ಮ ಬಾಗಿಲಿಗೆ ಒಡ್ಡು ಕಟ್ಟಿ ಹೋಗುತ್ತದೆ! ಅದನ್ನು ಸ್ವಲ್ಪ ಸ್ವಲ್ಪವೇ ಕಡಿದು ತೆಗೆಯಬೇಕು.

ಆಮೇಲೆ ಆ ಚಳಿಗಾಲದಲ್ಲಿ ಮಗಳಿಗೆ ಪಾಳಿ ತಪ್ಪಲಿಲ್ಲ. ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ನಾವು ದಂಪತಿಗಳು ಹುಲ್ಲಿನಲ್ಲಿ ಕೂತು, ಆ ಮೊದಲ ದಿನ ಹಾರಿಹೋಗಿದ್ದ ಖಡಿಯನ್ನು ಬುಟ್ಟಿಗಟ್ಟಲೆ ಆರಿಸಿದೆವು.

ನಾವು ತಿರುಗಿ ಬಂದ ವರ್ಷದ ಅಕ್ಟೋಬರದಲ್ಲಿ ಅಳಿಯಂದಿರು ತಾವೇ ಅಲಗು ಕೂಡಿಸಿದರು. ನಮಗಿಲ್ಲಿ ನಡುರಾತ್ರಿ, ಫೋನು ಬಂತು: “ಮಾವನವರೇ, ಸ್ಪ್ರಿಂಗಿನ ನಟ್ಟು ಎಲ್ಲಿಯವರೆಗೆ?” ಬಿಳಿ ಗೆರೆಯವರೆಗೆ ಎಂದೆವು. ಗೆರೆ ತುಕ್ಕಿನಲ್ಲಿ ಅಳಿಸಿಹೋಗಿದೆಯಂತೆ. ಹಾಗಾದರೆ ದಿಮ್ಮಿ ಇಟ್ಟು ನೋಡಿರಿ, ಎಂದೆವು.