ಬೀಡಿ ಬಿಟ್ಟೆವು, ಚೀಟು ಹಿಡಿದೆವು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಲ್ಲಿನ ಡಾಕ್ಟರನನ್ನು ಕರೆದು ಎರಡು ಮಾತಾಡು ಅಂದರೆ ಅವನು ಬಾಯಿಯ ಸುದ್ದಿಯನ್ನೇ ತೆಗೆಯುತ್ತಾನೆ. ಹಬ್ಬದ ದಿನ ಇದೇನಪ್ಪಾ ಎಂದು ಬೇಸರಿಸಬೇಡಿ.

ನಾವು ಓದುವಾಗ ಕಟ್ಟೆಯ ಮೇಲೆ ಕುಳಿತ ಗಂಡಸರಲ್ಲಿ ಬೀಡಿ ಇಲ್ಲದ ಕೈ ಅಪರೂಪ. ನಮ್ಮಪ್ಪನ ಅಂಗಿಗಳಲ್ಲಿ ಕಿಡಿ ಬಿದ್ದು ತೂತಾಗದ್ದು ಒಂದೂ ಇರಲಿಲ್ಲ. ಇವತ್ತು ಬಸ್ಸಿಳಿದು ಇಲ್ಲಿಯವರೆಗೆ ನಡೆದು ಬಂದೆ, ಒಬ್ಬರೂ ಸೇದುವುದು ಕಾಣಲಿಲ್ಲ. ಸಂತೋಷವಾಯಿತು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 1948ರಲ್ಲಿ ಬ್ರಿಟನ್ನಿನ ನೂರು ಗಂಡಸರಲ್ಲಿ 80ಕ್ಕೂ ಹೆಚ್ಚು ಮಂದಿ ಸೇದುತ್ತಿದ್ದರು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕ ನೋಡಿ ಡಾಲ್ ತಾವೇ ಸೇದುವುದನ್ನು ಬಿಟ್ಟರು. ಈಗ ಅಲ್ಲಿ ಸೇದುವ ಗಂಡಸರು ನೂರಕ್ಕೆ 15ಕ್ಕಿಂತ ಕಡಿಮೆ. ಜಪಾನಿನಲ್ಲಿ 1960ರ ದಶಕದಲ್ಲಿ 80 ದಾಟಿದ್ದದ್ದು 2019ಕ್ಕೆ 27ಕ್ಕೆ ಇಳಿಯಿತು. ಇಂಡೋನೇಷ್ಯಾದಲ್ಲಿ ಮಾತ್ರ ಇನ್ನೂ 60ರ ಮೇಲೆಯೇ ಇದೆ.

ಭಾರತದಲ್ಲಿ? 2009-10ರ ಸಮೀಕ್ಷೆಯಲ್ಲಿ ಸೇದುವ ಗಂಡಸರು ನೂರಕ್ಕೆ 24, 2016-17ರಲ್ಲಿ 19. ಜಪಾನಿಗಿಂತ ನಾವೇ ವಾಸಿ ಅನ್ನಬೇಡಿ. ಅದೇ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವ ಗಂಡಸರು 33 ಇದ್ದವರು 30ಕ್ಕಷ್ಟೇ ಇಳಿದರು. ಬರೀ ಹೊಗೆಯ ಲೆಕ್ಕ ನೋಡಿದರೆ ನಮ್ಮ ಅರ್ಧ ಕಥೆ ಮುಚ್ಚಿಹೋಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಆಗಿ ಬಂತು. ಅಂಗೈಯಲ್ಲಿ ಕೂಡಿಸಿದರೆ ಮತ್ತೆ ಗುಟ್ಕಾನೇ! ಬೀಡಿಯ ವಾಸನೆಯನ್ನಾದರೂ ಮನೆಯಲ್ಲಿ ತಾಯಿ ಹಿಡಿಯುತ್ತಿದ್ದಳು, ಇದು ಕಿಸೆಯಲ್ಲಿ ಸುಮ್ಮನೆ ಕೂಡುತ್ತದೆ.

ನಮ್ಮ ಬ್ಯಾಚಿನ ಗೆಳೆಯನೊಬ್ಬ ಈ ಸಭೆಯಲ್ಲೇ ಇದ್ದಾನೆ. ಹೇಳು ಅಂದಿದ್ದಾನೆ, ಅದಕ್ಕೇ ಹೇಳುತ್ತಿದ್ದೇನೆ. ಜೀವನದಲ್ಲಿ ಬೀಡಿ ಮುಟ್ಟಿದವನಲ್ಲ. ಹದಿನೈದು ವರ್ಷ ಚೀಟು ಹರಿದ. ಒಳಗಲ್ಲೆ ಬಿಗಿದು ಹಗ್ಗದಂತಾಗಿ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಮಧ್ಯಾಹ್ನ ನಾವೆಲ್ಲ ರೊಟ್ಟಿ ಉಂಡಾಗ ಅವನು ಸಾರಿನಲ್ಲಿ ನೆನೆಸಿ, ಕಿವುಚಿ ಉಂಡ. "ಬಿಟ್ಟು ನಾಕು ವರ್ಷ ಆತು, ಆದ್ರ ಬಾಯಿ ತಿರುಗಿ ಬರಲಿಲ್ಲ" ಅಂದ.

ಈಗ ಎಲ್ಲರೂ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲಿನ ನಡುವೆ ಹಿಡಿದು ನೋಡಿ. ನಗಬೇಡಿ, ಮೇಷ್ಟ್ರುಗಳೂ ನೋಡಿಕೊಳ್ಳಿ. ಹೋಗದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿರಿ. ನಾಳೆ ಮುಂಜಾನೆಯ ಬಸ್ಸಿನವರೆಗೂ ಊರಲ್ಲೇ ಇರುತ್ತೇನೆ.